ಅಜ್ಜಿಯ ಹಸಿರು ಸೀರೆ

ನಮ್ಮ ನಡುಮನೆಯ ಗೋಡೆಯಲ್ಲಿ ಅಜ್ಜಿ-ತಾತನ ಮದುವೆಯ ಫೋಟೊ ಇದೆ. ಕಪ್ಪು-ಬಿಳುಪು ಪ್ರಿಂಟಿಗೆ ಸ್ಟುಡಿಯೊದವರು ಕೈಯಲ್ಲೇ ಬಣ್ಣ ಹಚ್ಚಿದ್ದು. ಕಡ್ಡಿಗೆ ಹತ್ತಿ ಸುತ್ತಿ ಎಣ್ಣೆಬಣ್ಣವನ್ನು ತೆಳ್ಳಗೆ ಉಜ್ಜಿದರೆ ಅಡಿಯ ನೆರಳು-ಬೆಳಕು ಹಾಗೇ ಉಳಿಯುತ್ತದೆ. 19ನೇ ಶತಮಾನದ ನಮ್ಮ ಚಿತ್ರಕಾರರಲ್ಲಿ ಕೆಲವರಂತೂ ದಪ್ಪಗೆ ಬಣ್ಣ ಬಳಿದು ಫೋಟೊವನ್ನೇ ಮುಚ್ಚಿಬಿಡುತ್ತಿದ್ದರು!

'ಆ ಹಸಿರು ಸೀರೆ ಎಲ್ಲಜ್ಜಿ?' ಎಂದು ಒಮ್ಮೆ ಕೇಳಿದೆ. ಅಜ್ಜಿ ನಕ್ಕಳು.

'ಹಸಿರೆಲ್ಲಿ ಬಂತು? ಅಕ್ಕನ ಹಳೇ ಕೆಂಪು ಸೀರೆ ಕಣೇ ಅದು. ಕೊರಳಲ್ಲಿರೋ ಸರಾನೂ ಸ್ಟುಡಿಯೊದವನೇ ಬರೆದದ್ದು.'

ಫೋಟೊ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ನಿಜವಾದ ಕೆಂಪು ಬಣ್ಣ ಹಾಕಲು ಹೊರಟೆ. ಅಜ್ಜಿ ತಡೆದಳು.

'ಬೇಡ. ಮುಂದೆ ಕೊಡಿಸ್ತೀನಿ, ಈಗ ಪಟದಲ್ಲಾದ್ರೂ ಇರಲಿ ಅಂತ ನಿಮ್ಮ ತಾತನೇ ಹೇಳಿ ಹಸಿರು ಹಾಕಿಸಿದ್ದು.'

ಕೊಡಿಸಿದರಾ ಎಂದು ಕೇಳಲು ಬಾಯಿ ಬರಲಿಲ್ಲ. ಮೂಲೆಯ ಬೂಷ್ಟಿನ ಕಲೆಯನ್ನಷ್ಟೇ ತೆಗೆದೆ.