ಬಿಸಿನೀರು ಬಂದರೆ ಗೀಸರ್ ರಿಪೇರಿಯಾದಂತೆಯೇ?

ಬೇಸಿಗೆ, ಮಳೆಗಾಲವಿಡೀ ಸುಮ್ಮನಿದ್ದ ಗ್ಯಾಸ್ ಗೀಸರ್ ದೀಪಾವಳಿ ಮುಗಿದು ಚಳಿ ಹಿಡಿಯುವ ಹೊತ್ತಿಗೆ ಕೈಕೊಡುತ್ತದೆ. ವಿಜಯಪುರದಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ತಾಪಮಾನ 10 ಡಿಗ್ರಿಗಿಂತ ಕೆಳಗೆ ಹೋಗುವುದುಂಟು. ಸೊಲ್ಲಾಪುರ ರಸ್ತೆಯ ಆಚೀಚೆ, ಬಿಎಲ್‌ಡಿಇ ಮೆಡಿಕಲ್ ಕಾಲೇಜಿನ ಸುತ್ತಮುತ್ತಲಿನ ಬಾಡಿಗೆ ಮನೆಗಳಲ್ಲಿ, ವಿದ್ಯಾರ್ಥಿಗಳ ರೂಮುಗಳಲ್ಲಿ ಹಂಡೆ ಹೂಡಿ ಕಟ್ಟಿಗೆ ಉರಿಸಲು ಜಾಗವಿಲ್ಲ. ತಿಕೋಟಾ, ಬಬಲೇಶ್ವರದಲ್ಲೂ ಹೊಸ ಮನೆ ಕಟ್ಟಿದವರ ಬಚ್ಚಲು ಹಿತ್ತಲಿನಿಂದ ಮನೆಯೊಳಗೆ ಬಂದಿದೆ. ಕರೆಂಟಿನ ಹಂಗಿಲ್ಲದೆ, ಎರಡು ಸೆಲ್ ಹಾಕಿದರೆ ಕ್ಷಣದಲ್ಲಿ ಬಿಸಿನೀರು ಕೊಡುವ ಗ್ಯಾಸ್ ಗೀಸರ್ ಹೀಗೆ ಗೋಡೆ ಏರಿತು. ಅದು ಕೆಟ್ಟಾಗ ನಾವು ಯಾರನ್ನು ಕರೆಯುತ್ತೇವೆ, ಬಂದವರು ಏನು ಮಾಡಿಹೋಗುತ್ತಾರೆ, ಆಮೇಲೆ ಏನು ನೋಡಿ ಸಮಾಧಾನಪಡುತ್ತೇವೆ ಎಂಬುದರ ಸುತ್ತ ಬೆಳೆದ ನಂಬಿಕೆಗಳಲ್ಲಿ ಕೆಲವು ಜೀವ ತೆಗೆಯುವಂಥವು.

2023ರ ಜೂನ್‌ನಲ್ಲಿ ಬೆಂಗಳೂರಿನ ಚಿಕ್ಕಜಾಲ ಠಾಣೆ ವ್ಯಾಪ್ತಿಯ ಮನೆಯೊಂದರ ಸ್ನಾನದ ಕೋಣೆಯಲ್ಲಿ ಯುವಜೋಡಿಯೊಂದು ಸತ್ತುಬಿದ್ದಿತ್ತು. 2025ರ ಅಕ್ಟೋಬರ್‌ನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಅಕ್ಕತಂಗಿಯರಿಬ್ಬರು ಹಾಗೆಯೇ ಹೋದರು. ಎರಡೂ ಸಲ ಬೆರಳು ತೋರಿದ್ದು ಗ್ಯಾಸ್ ಗೀಸರ್ ಕಡೆಗೆ. ಇಂಥ ಸುದ್ದಿಗಳ ತಲೆಬರಹದಲ್ಲಿ ‘ಅನಿಲ ಸೋರಿಕೆ’ ಎಂದೇ ಇರುತ್ತದೆ. ಓದಿದವರು ಸಿಲಿಂಡರ್ ಪೈಪು ಮುಟ್ಟಿ ನೋಡಿ, ವಾಸನೆ ಇಲ್ಲವೆಂದು ನಿಶ್ಚಿಂತರಾಗುತ್ತಾರೆ. ಮೊದಲ ತಪ್ಪು ಅಲ್ಲಿಯೇ ಆಗುತ್ತದೆ.

“ವಾಸನಿ ಬರಾಕತ್ತಿಲ್ಲ ಅಂದಮ್ಯಾಗ ಹೆದರಿಕಿ ಯಾಕ?”

ಸಿಲಿಂಡರಿನ ಅನಿಲಕ್ಕೆ ತನ್ನದೇ ಆದ ವಾಸನೆಯೇ ಇಲ್ಲ. ಸೋರಿದರೆ ಜನರಿಗೆ ಗೊತ್ತಾಗಲೆಂದು ಈಥೈಲ್ ಮರ್‌ಕ್ಯಾಪ್ಟನ್ ಎಂಬ ದುರ್ವಾಸನೆಯ ರಾಸಾಯನಿಕವನ್ನು ಅದಕ್ಕೆ ಬೆರೆಸಿರುತ್ತಾರೆ. ಉರಿ ಹೊತ್ತಿಕೊಂಡಾಗ ಅದೂ ಸುಟ್ಟುಹೋಗುತ್ತದೆ. ಗೀಸರಿನಿಂದ ಸಾಯುವವರಲ್ಲಿ ಹೆಚ್ಚಿನವರನ್ನು ಕೊಲ್ಲುವುದು ಸೋರಿದ ಅನಿಲವಲ್ಲ. ಉರಿದ ಅನಿಲದಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಕೊಲ್ಲುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮೂ ಬರುವುದಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೊಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆ ಭಾರವಾಗುತ್ತದೆ, ಹೊಟ್ಟೆ ತೊಳಸುತ್ತದೆ, ಕಾಲಿನ ಶಕ್ತಿ ಹೋಗುತ್ತದೆ. ಬಾಗಿಲು ತೆಗೆಯಬೇಕೆಂದು ಹೊಳೆಯುವ ಹೊತ್ತಿಗೆ ಚಿಲಕ ಸರಿಸುವ ತ್ರಾಣ ಉಳಿದಿರುವುದಿಲ್ಲ.

ಇದು ಎಷ್ಟು ಬೇಗ ಆಗುತ್ತದೆಂದು ತಿಳಿಯಲು ಲೆಕ್ಕ ಮಾಡಿಯೇ ನೋಡಬೇಕು. ಐದಡಿ ಅಗಲ, ಆರಡಿ ಉದ್ದ, ಎಂಟಡಿ ಎತ್ತರದ ಬಚ್ಚಲುಮನೆ ಹಿಡಿಯುವುದು ಸುಮಾರು 6,800 ಲೀಟರ್ ಗಾಳಿ. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡುವ ಗೀಸರ್ ನಿಮಿಷಕ್ಕೆ ಹತ್ತಿರಹತ್ತಿರ 16 ಗ್ರಾಂ ಅನಿಲ ಸುಡುತ್ತದೆ. ಒಂದು ಗ್ರಾಂ ಅನಿಲ ಪೂರ್ತಿ ಉರಿಯಲು ಹದಿನೈದೂವರೆ ಗ್ರಾಂನಷ್ಟು, ಅಂದರೆ ಸುಮಾರು 13 ಲೀಟರ್ ಗಾಳಿ ಬೇಕು. ಹತ್ತು ನಿಮಿಷದ ಸ್ನಾನಕ್ಕೆ 2,000 ಲೀಟರಿಗೂ ಮೇಲೆ ಹೋಯಿತು. ಕಿಟಕಿ, ಬಾಗಿಲು ಬಿಗಿಯಾಗಿ ಮುಚ್ಚಿದ್ದರೆ ಕೋಣೆಯ ಆಮ್ಲಜನಕದ ಮೂರನೇ ಒಂದು ಪಾಲು ಹತ್ತೇ ನಿಮಿಷದಲ್ಲಿ ಖರ್ಚು. ಅಷ್ಟು ಹೊತ್ತಿಗಾಗಲೇ ಉರಿಗೆ ಗಾಳಿ ಸಾಲದೆ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಉಗುಳತೊಡಗಿರುತ್ತದೆ. ಒಬ್ಬರು ಮುಗಿಸಿದ ಬೆನ್ನಿಗೇ ಇನ್ನೊಬ್ಬರು ಒಳಹೋದರೆ ಅವರು ಕಾಲಿಡುವುದೇ ಕೆಟ್ಟ ಗಾಳಿಯಲ್ಲಿ.

“ಬಿಸಿನೀರು ಬಂತಲ್ಲ, ರಿಪೇರಿ ಆತು”

ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಪಾಯಕಾರಿ ನಂಬಿಕೆ ಇದು. ನೀರು ಬಿಸಿಯಾಗುವುದು ಮತ್ತು ಹೊಗೆಗಾಳಿ ಸರಿಯಾಗಿ ಹೊರಹೋಗುವುದು ಬೇರೆಬೇರೆ ಕೆಲಸಗಳು. ಎರಡನೆಯದು ಪೂರಾ ಕೆಟ್ಟಿದ್ದರೂ ಮೊದಲನೆಯದು ಚೆನ್ನಾಗಿಯೇ ನಡೆಯುತ್ತಿರುತ್ತದೆ.

ಗೀಸರಿನ ಮುಂದಿನ ತಗಡು ಬಿಚ್ಚಿದರೆ ಕೆಳಗೆ ಸಾಲಾಗಿ ಬರ್ನರ್‌ಗಳು ಕಾಣುತ್ತವೆ. ಅದರ ಮೇಲೆ ತಾಮ್ರದ ಪೆಟ್ಟಿಗೆ. ಅದನ್ನು ಸುತ್ತಿಕೊಂಡ ಕೊಳವೆಯಲ್ಲಿ ನೀರು ಹರಿಯುತ್ತದೆ. ಪೆಟ್ಟಿಗೆಯ ಮೇಲ್ಭಾಗದಲ್ಲಿ ತಾಮ್ರದ ತೆಳು ರೆಕ್ಕೆಗಳು ಒತ್ತೊತ್ತಾಗಿ ನಿಂತಿರುತ್ತವೆ. ಉರಿಯ ಬಿಸಿಗಾಳಿ ಈ ರೆಕ್ಕೆಗಳ ಸಂದಿಯಿಂದಲೇ ಮೇಲೇರಿ ಹೊರಹೋಗಬೇಕು. ನಮ್ಮ ಬಯಲುಸೀಮೆಯ ಧೂಳು ಬರ್ನರಿನ ಗಾಳಿತೂತಿನಲ್ಲಿ ಕೂರುತ್ತದೆ. ಆರು ತಿಂಗಳು ಬಳಸದೆ ಇಟ್ಟರೆ ಜೇಡ ಬಲೆ ಕಟ್ಟುತ್ತದೆ. ಗಾಳಿ ಕಡಿಮೆಯಾದಂತೆ ನೀಲಿ ಉರಿ ಹಳದಿಗೆ ತಿರುಗಿ ಮಸಿ ಬಿಡುತ್ತದೆ, ಮಸಿ ರೆಕ್ಕೆಗಳ ಸಂದಿ ತುಂಬುತ್ತದೆ, ಹೊಗೆಗಾಳಿಗೆ ದಾರಿ ಕಟ್ಟಿ ಉರಿಗೆ ಇನ್ನಷ್ಟು ಉಸಿರು ಕಟ್ಟುತ್ತದೆ. ಇಷ್ಟಾದರೂ ನಲ್ಲಿಯಲ್ಲಿ ಬಿಸಿನೀರು ಬರುತ್ತಲೇ ಇರುತ್ತದೆ. ಉರಿ ನೀಲಿಯಾಗಿದ್ದ ಮಾತ್ರಕ್ಕೆ ಎಲ್ಲ ಸರಿಯಿದೆ ಎನ್ನುವಂತಿಲ್ಲ, ಆದರೆ ಹಳದಿ ಉರಿ ಕಂಡರೆ ಆ ಕ್ಷಣವೇ ಆರಿಸಬೇಕು.

ಇನ್ನು ನೀರಿನ ಕಥೆ. ಕೃಷ್ಣೆಯ ನೀರು ಬರುವ ಮನೆಗಳ ಮಾತು ಬೇರೆ. ಬೋರ್‌ವೆಲ್ ನಂಬಿದವರ ಬಕೆಟ್ಟು, ನಲ್ಲಿ, ಕಾಯಿಲ್‌ಗಳಿಗೆ ಬಿಳಿ ಹಕ್ಕಳೆ ಹಿಡಿಯುವುದನ್ನು ದಿನವೂ ನೋಡುತ್ತೇವೆ. ಅದೇ ಸುಣ್ಣ ಗೀಸರಿನ ಕೊಳವೆಯೊಳಗೂ ಕಟ್ಟುತ್ತದೆ. ನೀರಿನ ಹರಿವು ಸಣ್ಣದಾಗಿ ತಾಮ್ರ ವಿಪರೀತ ಕಾಯುತ್ತದೆ. ಆಗ ಅಲ್ಲಿರುವ ಪುಟ್ಟದೊಂದು ಸೆನ್ಸರ್ ಅನಿಲವನ್ನು ಕಡಿದುಹಾಕುತ್ತದೆ. ಮನೆಯವರು ಹೇಳುವುದು “ಹತ್ತತೈತಿ, ಎರಡು ನಿಮಿಷಕ್ಕ ಆರತೈತಿ” ಎಂದು. ಗೊತ್ತಿಲ್ಲದ ಮೆಕ್ಯಾನಿಕ್ ಮಾಡುವುದೇನೆಂದರೆ ಆ ಸೆನ್ಸರಿನ ಎರಡು ವೈರುಗಳನ್ನು ಕತ್ತರಿಸಿ ಒಂದಕ್ಕೊಂದು ಹೊಸೆದು ಟೇಪು ಸುತ್ತುವುದು. ಗೀಸರ್ ಮತ್ತೆ ಆರುವುದಿಲ್ಲ. ಮನೆಯವರು ಖುಷಿಯಿಂದ ದುಡ್ಡು ಕೊಡುತ್ತಾರೆ. ಕೊಳವೆಯ ಸುಣ್ಣ ಇದ್ದಲ್ಲಿಯೇ ಇರುತ್ತದೆ, ಅಪಾಯವನ್ನು ಕಂಡು ಗೀಸರನ್ನು ನಿಲ್ಲಿಸುತ್ತಿದ್ದ ಭಾಗವೇ ಸತ್ತಿರುತ್ತದೆ. ಕೆಲವು ಮಾದರಿಗಳಲ್ಲಿ ಆಮ್ಲಜನಕ ತಗ್ಗಿದರೆ ಆರಿಸುವ ಸೆನ್ಸರ್ ಇರುತ್ತದೆ, ಅದಕ್ಕೂ ಇದೇ ಗತಿ ಬರುತ್ತದೆ.

ಬರ್ನರಿಗೆ ಅನಿಲ ಬಿಡುವ ಜೆಟ್ಟಿನ ತೂತಿಗೆ ಸೂಜಿ ಹಾಕಿ ದೊಡ್ಡದು ಮಾಡುವುದು ಇನ್ನೊಂದು ಅಭ್ಯಾಸ. ಉರಿ ಜೋರಾಗುತ್ತದೆ ನಿಜ, ಆದರೆ ಅಷ್ಟು ಅನಿಲಕ್ಕೆ ತಕ್ಕ ಗಾಳಿ ಬರ್ನರಿಗೆ ಸಿಗುವುದಿಲ್ಲ. ನಲ್ಲಿ ಮುಚ್ಚಿದಾಗ ಉರಿ ಆರಬೇಕಾದರೆ ನೀರಿನ ಒತ್ತಡದಿಂದ ಸರಿಯುವ ರಬ್ಬರ್ ಡಯಾಫ್ರಾಮ್ ಚೆನ್ನಾಗಿರಬೇಕು. ಅದರ ಭಾಗಗಳು ಸಿಕ್ಕಿಕೊಂಡರೆ ನೀರಿಲ್ಲದೆಯೂ ಉರಿ ಉರಿಯುತ್ತದೆ. ಆ ಮಾದರಿಗೆ ಹೊಂದುವ ಡಯಾಫ್ರಾಮ್ ಬಿಟ್ಟು ಹತ್ತಿರದ ಅಳತೆಯದನ್ನು ಕೂರಿಸುವುದು ರಿಪೇರಿಯಲ್ಲ.

“ಸ್ಟೋ ರಿಪೇರಿ ಮಾಡಾಂವ, ಪ್ಲಂಬರ್, ಯಾರಾದ್ರೂ ನಡೀತದ”

ಪ್ಲಂಬರ್‌ಗೆ ನೀರಿನ ಜೋಡಣೆ ಗೊತ್ತು. ಇಂಡೇನ್, ಭಾರತ್ ಗ್ಯಾಸ್, ಎಚ್‌ಪಿ ವಿತರಕರು ಕಳಿಸುವ ಮೆಕ್ಯಾನಿಕ್‌ಗೆ ಸಿಲಿಂಡರ್, ರೆಗ್ಯುಲೇಟರ್, ಸುರಕ್ಷಾ ಪೈಪು, ಅಡುಗೆ ಒಲೆಯ ಪರೀಕ್ಷೆ ಗೊತ್ತು. ಸಿಲಿಂಡರ್ ಕಡೆಯ ತೊಂದರೆಗೆ ಅವರನ್ನೇ ಕರೆಯಬೇಕು. ಸೋರಿಕೆಯ ವಾಸನೆ ಬಂದರೆ ಹಗಲಿರುಳೆನ್ನದೆ 1906ಕ್ಕೆ ಫೋನ್ ಮಾಡಬಹುದು. ಗೀಸರಿನ ಹೊಟ್ಟೆಯೊಳಗಿನ ಕೆಲಸ ಮಾತ್ರ ಅದನ್ನು ತಯಾರಿಸಿದ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನವರದು. ಬ್ರಿಟನ್ನಿನಲ್ಲಿ 2009ರಿಂದ ಗ್ಯಾಸ್ ಸೇಫ್ ರಿಜಿಸ್ಟರ್ ಇದೆ. ಅದರಲ್ಲಿ ಹೆಸರಿಲ್ಲದವರು ಗ್ಯಾಸ್ ಉಪಕರಣ ರಿಪೇರಿಗೆ ದುಡ್ಡು ತೆಗೆದುಕೊಳ್ಳುವುದು ಅಲ್ಲಿ ಅಪರಾಧ. ನಮ್ಮಲ್ಲಿ ಗೀಸರ್ ಮೆಕ್ಯಾನಿಕ್‌ಗಳಿಗೆ ಅಂಥ ಕಡ್ಡಾಯ ನೋಂದಣಿ ಇಲ್ಲ. ಆದ್ದರಿಂದ ವಿಚಾರಿಸುವ ಹೊಣೆ ಮನೆಯವರ ಮೇಲೆಯೇ ಬೀಳುತ್ತದೆ. ಬಾಡಿಗೆ ಮನೆಯಾದರೆ ಮಾಲೀಕರ ಮೇಲೆ ಬೀಳಬೇಕು. “ನೀವ ನೋಡ್ಕೋರಿ” ಎಂದು ವಿದ್ಯಾರ್ಥಿಗಳ ಮೇಲೆ ಹಾಕುವುದು ನ್ಯಾಯವಲ್ಲ.

ಗೀಸರಿನ ಮೇಲೆಯೇ ಅಂಟಿಸಿರುವ ಅಥವಾ ವಾರಂಟಿ ಕಾರ್ಡಿನಲ್ಲಿರುವ ನಂಬರಿಗೆ ಫೋನ್ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಬಂದವರ ಬಳಿ ಗುರುತಿನ ಚೀಟಿ ಕೇಳಿ, ನಾಚಿಕೆ ಬೇಡ. ಸರಿಯಾಗಿ ಕಲಿತವರು ಕೆಲಸಕ್ಕೆ ಕೈಹಾಕುವ ರೀತಿಯೇ ಬೇರೆ. ತಗಡು ಬಿಚ್ಚುವ ಮೊದಲು ಗೀಸರ್ ಎಲ್ಲಿದೆ, ಗಾಳಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಸುತ್ತ ನೋಡುತ್ತಾರೆ. ಬರ್ನರ್, ರೆಕ್ಕೆಗಳನ್ನು ಕಳಚಿ ತೊಳೆಯುತ್ತಾರೆ, ಕೊಳವೆಯ ಸುಣ್ಣ ಕರಗಿಸುತ್ತಾರೆ. ಕೆಟ್ಟ ಸೆನ್ಸರ್ ತೆಗೆದು ಅದೇ ಮಾದರಿಯ ಹೊಸದು ಹಾಕುತ್ತಾರೆ, ಹಳೆಯದನ್ನು ನಿಮ್ಮ ಕೈಗೆ ಕೊಡುತ್ತಾರೆ. ಜೋಡಣೆಗಳಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡುತ್ತಾರೆ. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕುವವರು ಬಂದರೆ ಅಲ್ಲಿಗೇ ಕೆಲಸ ನಿಲ್ಲಿಸಿ ಕಳಿಸಿಬಿಡಿ. ಕೊನೆಗೆ ಉರಿ ಹಚ್ಚಿ, ನಲ್ಲಿ ಮುಚ್ಚಿದಾಗ ತಟ್ಟನೆ ಆರುತ್ತದೆಯೇ ಎಂದು ತೋರಿಸಿ, ಹಾಕಿದ ಭಾಗಗಳ ಹೆಸರು ಬರೆದ ಬಿಲ್ ಕೊಡುತ್ತಾರೆ.

ಬಚ್ಚಲುಮನೆಯೊಳಗೇ ಗೀಸರ್ ತೂಗುಹಾಕಿದ್ದರೆ, ಒಳ್ಳೆಯ ಮೆಕ್ಯಾನಿಕ್ ರಿಪೇರಿ ಮಾಡುವುದಿಲ್ಲ ಎಂದೇ ಹೇಳಬಹುದು. ಆ ಮಾತು ಹೇಳಿದವರನ್ನು ಬೈದು ಇನ್ನೊಬ್ಬರನ್ನು ಹುಡುಕಬೇಡಿ. ಯಾವ ಭಾಗ ಬದಲಿಸಿದರೂ ಮುಚ್ಚಿದ ಕೋಣೆಗೆ ಗಾಳಿ ಹುಟ್ಟುವುದಿಲ್ಲ. ಗೀಸರನ್ನು ಹೊರಗೋಡೆಗೆ, ಬಾಲ್ಕನಿಗೆ, ಗಾಳಿಯಾಡುವ ಹಿತ್ತಲಿಗೆ ಒಯ್ದು, ಬಚ್ಚಲಿಗೆ ಬಿಸಿನೀರಿನ ಪೈಪು ಮಾತ್ರ ತರಿಸುವುದೊಂದೇ ಅದಕ್ಕೆ ರಿಪೇರಿ. ಖರ್ಚು ಹೆಚ್ಚೆನಿಸಬಹುದು, ಆದರೆ ಈ ಖರ್ಚಿನಲ್ಲಿ ಚೌಕಾಸಿ ಮಾಡಬಾರದು.

“ಎಕ್ಸಾಸ್ಟ್ ಫ್ಯಾನ್ ಐತಿ, ಟೈಮರ್ ಐತಿ”

ಫ್ಯಾನ್ ಗಾಳಿಯನ್ನು ಹೊರಗೆ ತಳ್ಳಬೇಕಾದರೆ ಅಷ್ಟೇ ಗಾಳಿ ಒಳಬರಲು ದಾರಿ ಬೇಕು. ಬಾಗಿಲ ಕೆಳಗಿನ ಸಂದಿಗೂ ಚಳಿಗೆಂದು ಬಟ್ಟೆ ತುರುಕಿದ ಕೋಣೆಯಲ್ಲಿ ಫ್ಯಾನ್ ಸುಮ್ಮನೆ ತಿರುಗುತ್ತದೆ. ಗೀಸರಿಗೆ ಹೊಗೆಕೊಳವೆ ಇದ್ದಲ್ಲಿ ಅದರ ಹೊಗೆಯನ್ನೇ ವಾಪಸ್ ಒಳಗೆ ಎಳೆಯುವುದೂ ಉಂಟು. ಕರೆಂಟು ಹೋದರಂತೂ ಫ್ಯಾನ್ ನಿಲ್ಲುತ್ತದೆ, ಸೆಲ್ಲಿನ ಗೀಸರ್ ಉರಿಯುತ್ತಲೇ ಇರುತ್ತದೆ. ಹಲವು ಗೀಸರ್‌ಗಳು 20 ನಿಮಿಷಕ್ಕೆ ತಾವಾಗಿ ಆರುತ್ತವೆ. ಮೇಲಿನ ಲೆಕ್ಕ ನೋಡಿದವರಿಗೆ ಸಣ್ಣ ಕೋಣೆಯಲ್ಲಿ 20 ನಿಮಿಷ ಎಷ್ಟು ದೀರ್ಘವೆಂದು ಬಿಡಿಸಿ ಹೇಳಬೇಕಿಲ್ಲ. ಐಎಸ್ 15558 ಎಂಬ ಸಂಖ್ಯೆಯಿರುವ ಐಎಸ್‌ಐ ಗುರುತು ನೋಡಿಯೇ ಗೀಸರ್ ಕೊಳ್ಳಬೇಕು, ಆದರೆ ತಪ್ಪು ಜಾಗದಲ್ಲಿ ಕೂರಿಸಿದರೆ ಆ ಗುರುತೂ ಕಾಯುವುದಿಲ್ಲ.

“ಬಚ್ಚಲದಾಗ ಬಿದ್ದಾರಂದ್ರ ಬಿಪಿ, ಇಲ್ಲಾ ಮೂರ್ಛೆರೋಗ”

ಬೆಂಗಳೂರಿನ ನರರೋಗ ತಜ್ಞರು ‘ಗ್ಯಾಸ್ ಗೀಸರ್ ಸಿಂಡ್ರೋಮ್’ ಎಂದೇ ಹೆಸರಿಟ್ಟು ಇಂಥ ರೋಗಿಗಳ ಬಗ್ಗೆ ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದಿದ್ದಾರೆ. ಸ್ನಾನಕ್ಕೆ ಹೋದವರು ಪ್ರಜ್ಞೆ ತಪ್ಪುತ್ತಾರೆ, ಕೈಕಾಲು ಸೆಟೆಯುತ್ತದೆ, ಮನೆಯವರು ಮೂರ್ಛೆರೋಗವೆಂದು ತಿಳಿಯುತ್ತಾರೆ. ಗೀಸರಿನ ಮಾತು ಯಾರೂ ಎತ್ತದಿದ್ದರೆ ಬೇಡದ ಮಾತ್ರೆಗಳು ಶುರುವಾಗುತ್ತವೆ, ರೋಗಿ ಅದೇ ಬಚ್ಚಲಿಗೆ ಮರಳುತ್ತಾರೆ. ಬದುಕಿ ಉಳಿದ ಕೆಲವರಲ್ಲಿ ವಾರಗಳ ಬಳಿಕ ಮರೆವು, ನಡಿಗೆಯ ತೊಂದರೆ ಕಾಣಿಸಿಕೊಂಡದ್ದೂ ಇದೆ.

ಯಾರಾದರೂ ಹಾಗೆ ಬಿದ್ದರೆ ಬಾಗಿಲು, ಕಿಟಕಿ ತೆರೆದು, ಅವರನ್ನು ಹೊರಗಿನ ಗಾಳಿಗೆ ಎಳೆದು ತನ್ನಿ; ನೀವೂ ಒಳಗೆ ನಿಲ್ಲಬೇಡಿ. ಗ್ಯಾಸ್ ಬಂದ್ ಮಾಡಿ 108ಕ್ಕೆ ಕರೆ ಮಾಡಿ. ಉಸಿರು ನಿಂತಿದ್ದರೆ ಆಂಬುಲೆನ್ಸ್ ಬರುವತನಕ ಎದೆ ಒತ್ತುತ್ತಿರಿ. ನೀರು ಚಿಮುಕಿಸಿ, ಈರುಳ್ಳಿ ಮೂಸಿಸಿ ಹೊತ್ತು ಕಳೆಯಬೇಡಿ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ 98 ತೋರಿಸಿತೆಂದು ಮನೆಯಲ್ಲಿ ಮಲಗಿಸಬೇಡಿ, ಆ ಯಂತ್ರ ಕಾರ್ಬನ್ ಮೊನಾಕ್ಸೈಡ್ ಅಂಟಿದ ರಕ್ತವನ್ನೂ ಆಮ್ಲಜನಕ ತುಂಬಿದ ರಕ್ತವೆಂದೇ ಓದುತ್ತದೆ. ಬರೀ ಗಾಳಿಯಲ್ಲಿ ಈ ವಿಷ ರಕ್ತದಲ್ಲಿ ಅರ್ಧಕ್ಕಿಳಿಯಲು ನಾಲ್ಕೈದು ತಾಸು ಬೇಕು. ಆಸ್ಪತ್ರೆಯ ಶುದ್ಧ ಆಮ್ಲಜನಕದಲ್ಲಿ ಒಂದೂವರೆ ತಾಸಿನೊಳಗೆ ಅಷ್ಟು ಇಳಿಯುತ್ತದೆ. ತುರ್ತು ವಿಭಾಗದಲ್ಲಿ ಮೊದಲ ಮಾತೇ “ಬಚ್ಚಲದಾಗ ಗ್ಯಾಸ್ ಗೀಸರ್ ಹತ್ತಿತ್ತರಿ” ಎಂದಿರಲಿ. ರಕ್ತದಲ್ಲಿ ಕಾರ್ಬಾಕ್ಸಿಹಿಮೊಗ್ಲೋಬಿನ್, ಅಂದರೆ ಕಾರ್ಬನ್ ಮೊನಾಕ್ಸೈಡ್ ಅಂಟಿದ ಹಿಮೊಗ್ಲೋಬಿನ್ ಎಷ್ಟಿದೆ ಎಂದು ನೋಡಬೇಕೆಂಬುದು ವೈದ್ಯರಿಗೆ ಆಗಲೇ ಹೊಳೆಯುತ್ತದೆ. ಆ ದಿನ ಅದೇ ಬಚ್ಚಲಲ್ಲಿ ಸ್ನಾನ ಮಾಡಿ ತಲೆನೋವೆಂದು ಮಲಗಿದವರಿದ್ದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.