ಅಂತರಗಂಗೆ: ಹತ್ತು ಗಿಡವಿದ್ದಾಗಲೇ ಕೀಳಿರಿ



ನಮ್ಮೂರ ಕಟ್ಟೆಯಲ್ಲಿ ಅಂತರಗಂಗೆಯ ಹತ್ತು ಗಿಡ ಕಂಡಾಗ ಹೂ ಚೆಂದವೆಂದು ಸುಮ್ಮನಿದ್ದೆ. ಮರುಬೇಸಿಗೆಗೆ ತೂಬು ಕಟ್ಟಿಕೊಂಡು ಅಡಿಕೆ ತೋಟಕ್ಕೆ ನೀರಿಲ್ಲದಾಯಿತು. ಅನುಕೂಲ ದೊರೆತರೆ ಈ ಕಳೆ ಎರಡೇ ವಾರದಲ್ಲಿ ಇಮ್ಮಡಿಯಾಗುತ್ತದೆ. ಬೀಜ ಕೆಸರಿನಲ್ಲಿ ವರ್ಷಾನುಗಟ್ಟಲೆ ಜೀವ ಹಿಡಿದಿರುತ್ತದೆ.

ಗುರುತು: ಗಾಳಿ ತುಂಬಿ ಉಬ್ಬಿದ ತೊಟ್ಟು, ಹೊಳೆಯುವ ದುಂಡನೆಯ ಎಲೆ, ತಿಳಿನೇರಳೆ ಹೂ. ಕೋಡಿ, ತೂಬು ಮತ್ತು ಗಾಳಿ ದೂಡುವ ದಡವನ್ನು ವಾರಕ್ಕೊಮ್ಮೆ ನೋಡತಕ್ಕದ್ದು.

ಹತೋಟಿ: ಹೂ ಬಿಡುವ ಮೊದಲೇ ಬೇರುಸಹಿತ ಎಳೆದು, ಕೆರೆಯಿಂದ ದೂರ ಒಣಗಿಸಿ. ಒಂದು ತುಂಡೂ ಕಾಲುವೆಗೆ ಬೀಳಕೂಡದು. ಒಣಗಿದ್ದನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಕಾರ್ಖಾನೆಯ ನೀರು ಸೇರುವ ಕೆರೆಯದು ಮಾತ್ರ ಬೇಡ, ಅದು ಲೋಹದ ವಿಷ ಹೀರಿರುತ್ತದೆ.

ಈ ಗಿಡವನ್ನು ಮೇಯುವ ನಿಯೋಕೆಟಿನ ಎಂಬ ಮೂತಿಹುಳುವನ್ನು 1983ರಿಂದ ಬೆಂಗಳೂರು ಸುತ್ತಿನ ಕೆರೆಗಳಿಗೆ ಬಿಡಲಾಯಿತು. ಬಿಡದಿ ಬಳಿಯ ಬೈರಮಂಗಲ ಕೆರೆಯಲ್ಲಿಯೂ ಆಗ ಕಳೆ ತಗ್ಗಿತು. ಆದರೆ ಹುಳುವಿನ ಕೆಲಸಕ್ಕೆ ವರ್ಷಗಳು ಬೇಕು. ವೃಷಭಾವತಿಯಂತೆ ಕೊಳಚೆ ಹರಿದು ಬರುವಲ್ಲಿ, ಹುಳು ಮೇಯುವುದಕ್ಕಿಂತ ಬೇಗ ಕಳೆ ಚಿಗುರುತ್ತದೆ. ಆದುದರಿಂದ ಕೊಳಚೆಯನ್ನು ತಡೆಯುವುದೂ ಹತೋಟಿಯೇ.

ಮುಂದಿನ ಸಭೆಗೆ ಬರುವ ಮೊದಲು ನಿಮ್ಮೂರ ಕೆರೆಯನ್ನು ಒಮ್ಮೆ ಸುತ್ತಿ ಬನ್ನಿರಿ.

– ಕಾರ್ಯದರ್ಶಿ