ನ್ಯಾನೋ ಎಂಬುದನ್ನು ಕೈಗೆ ಕೊಟ್ಟು ತೋರಿಸುವ ಬಗೆ

ಗೊಬ್ಬರದ ಅಂಗಡಿಗಳಿಗೆ 2021ರಲ್ಲಿ ಅರ್ಧ ಲೀಟರಿನ ನ್ಯಾನೋ ಯೂರಿಯಾ ಬಾಟಲಿ ಬಂದಿತು. ಒಂದು ಬಾಟಲಿ ಒಂದು ಚೀಲ ಯೂರಿಯಾಕ್ಕೆ ಸಮವೆಂದು ತಯಾರಕರ ಹೇಳಿಕೆ. ಅದನ್ನು ಒಪ್ಪದ ಕೃಷಿ ವಿಜ್ಞಾನಿಗಳೂ ಇದ್ದಾರೆ. ಈ ವಾದದಲ್ಲಿ ಮಾತಾಡಲಾರದೆ ನಿಂತಿರುವವನು ಹಣ ಕೊಟ್ಟು ಕೊಳ್ಳುವ ರೈತ. ನ್ಯಾನೋ ಎಂದರೇನೆಂದು ಅವನಿಗೆ ಯಾರೂ ತೋರಿಸಿಕೊಟ್ಟಿಲ್ಲ.

ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಅದರಲ್ಲೊಂದು ಭಾಗವೇ ನ್ಯಾನೋಮೀಟರ್. ಹೀಗೆಂದಾಗ ನಾವೆಲ್ಲ ತಲೆಯಾಡಿಸುತ್ತೇವೆ; ತಿಳಿದದ್ದು ಮಾತ್ರ ಅಷ್ಟಕ್ಕಷ್ಟೆ. ಕಣ್ಣಿಗೆ ಕಾಣದುದನ್ನು ಜನರಿಗೆ ತಿಳಿಸುವ ಬಗೆಯನ್ನು ಅಮೆರಿಕದ ವಿಜ್ಞಾನ ಸಂಗ್ರಹಾಲಯಗಳು ಹುಡುಕಿದ ಕಥೆ ಇಲ್ಲಿ ನೆನೆಯತಕ್ಕದ್ದು. 2005ರಲ್ಲಿ ಬಾಸ್ಟನ್, ಸ್ಯಾನ್ ಫ್ರಾನ್ಸಿಸ್ಕೋ ಹಾಗೂ ಮಿನೆಸೋಟದ ಸಂಗ್ರಹಾಲಯಗಳ ಮುಂದಾಳತ್ವದಲ್ಲಿ, ಸರ್ಕಾರಿ ನೆರವಿನಿಂದ ಒಂದು ಒಕ್ಕೂಟ ರೂಪುಗೊಂಡಿತು. 2008ರಿಂದ 2015ರವರೆಗೆ ಅದು ವರ್ಷಕ್ಕೊಮ್ಮೆ 'ನ್ಯಾನೋಡೇಸ್' ಎಂಬ ಉತ್ಸವ ನಡೆಸಿತು.

ಅಲ್ಲಿ ಮಕ್ಕಳ ಕೈಗೆ ಎರಡು ಬಟ್ಟಲು ಕೊಡುತ್ತಿದ್ದರು. ಒಂದು ಚಹಾ ಕುಡಿಯುವ ಅಳತೆಯದು. ಇನ್ನೊಂದು ಬೆರಳ ತುದಿಯಷ್ಟಿನ ಗೊಂಬೆಮನೆಯದು. ನೀರು ತುಂಬಿ ಬೋರಲು ಹಾಕಿದರೆ ದೊಡ್ಡದರ ನೀರು ಚೆಲ್ಲುತ್ತದೆ, ಪುಟ್ಟದರದು ಬೀಳುವುದೇ ಇಲ್ಲ! ನೀರು ಅದೇ, ಭೂಮಿಯ ಸೆಳೆತವೂ ಅದೇ. ಆದರೆ ಅಳತೆ ಕಿರಿದಾದಂತೆ ನೀರಿನ ತೂಕ ಕುಗ್ಗುವಷ್ಟು ಬೇಗ ಅದರ ಮೇಲ್ಮೈ ಸೆಳೆತ ಕುಗ್ಗದು. ಆದುದರಿಂದ ಅದರದೇ ಮೇಲುಗೈ. ಆ ಬಟ್ಟಲೇನೋ ನ್ಯಾನೋ ಗಾತ್ರಕ್ಕಿಂತ ಎಷ್ಟೋ ಲಕ್ಷ ಪಟ್ಟು ದೊಡ್ಡದು. ಆದರೂ ಗಾತ್ರ ಬದಲಾದರೆ ವಸ್ತುವಿನ ನಡತೆಯೂ ಬದಲಾಗುತ್ತದೆಂಬ ಮರ್ಮ ಅಲ್ಲಿ ಕೈಗೆ ಸಿಗುತ್ತದೆ. ಹಳದಿಯೆಂದೇ ನಾವು ಬಲ್ಲ ಚಿನ್ನ, ನ್ಯಾನೋ ಕಣಗಳಾಗಿ ನೀರಿನಲ್ಲಿ ಬೆರೆತಾಗ ಕೆಂಪಾಗಿ ತೋರುವುದನ್ನು ಆಮೇಲೆ ನಂಬುವುದು ಕಷ್ಟವಲ್ಲ. ಅನುಭವಕ್ಕೆ ಬಂದುದೇ ಅರಿವೆಂಬ ಶರಣರ ನಿಲುವಿನಲ್ಲಿ ಬೆಳೆದ ನಮಗೆ ಈ ಕ್ರಮ ಹೊಸತೆನಿಸದು.

ಮುಂದೆ ಈ ಒಕ್ಕೂಟ ಕೇವಲ 400 ಚದರಡಿಯಲ್ಲಿ ಹಿಡಿಸುವ ಪ್ರದರ್ಶನವೊಂದನ್ನು ರೂಪಿಸಿ, ಅದರ 93 ಪ್ರತಿಗಳನ್ನು ಸಿದ್ಧಪಡಿಸಿತು. ಅದರಲ್ಲಿ ನಮಗೆ ಹೆಚ್ಚು ಮೆಚ್ಚಾದುದು ಓಲಾಡುವ ಮೇಜು. ಸುತ್ತ ನಿಂತವರೆಲ್ಲ ಕೂಡಿ ಅದರ ಮೇಲೆ ಬ್ಲಾಕುಗಳನ್ನು ಪೇರಿಸಬೇಕು. ಒಬ್ಬನ ಆತುರಕ್ಕೆ ಮೇಜೇ ವಾಲುತ್ತದೆ. ಹೊಸ ತಂತ್ರಜ್ಞಾನ ಎತ್ತ ಸಾಗಬೇಕೆಂದು ಹೇಳುವ ಹಕ್ಕು ಬಳಸುವವರಿಗೂ ಉಂಟೆಂಬುದೇ ಆ ಆಟದ ತಿರುಳು.

ಇಪ್ಪತ್ತು ಅಡಿ ಉದ್ದಗಲದ ಚಪ್ಪರವೊಂದಿದ್ದರೆ ಮಠದ ಜಾತ್ರೆಯಲ್ಲೋ, ಧಾರವಾಡದ ಕೃಷಿ ಮೇಳದಲ್ಲೋ ಇಷ್ಟನ್ನು ಹೂಡಬಹುದು. ಬಟ್ಟಲಿನ ಪ್ರಯೋಗಕ್ಕಂತೂ ಮನೆಯೇ ಸಾಕು: ಮಕ್ಕಳ ಆಟದ ಸಾಮಾನಿನಲ್ಲಿ ತೀರ ಪುಟ್ಟ ಬಟ್ಟಲನ್ನು ಆರಿಸಿಕೊಳ್ಳಿರಿ, ನೀರು ತುಂಬಲು ಔಷಧದ ಡ್ರಾಪರ್ ಇರಲಿ.